ನರ್ಸ್ ಮಾಡಬೇಕಾದ ಕೆಲಸ, ನರ್ಸ್ ಹೆಗಲಿಗೆ ಬಿದ್ದ ಕೆಲಸ

ಒಂದು ಸೋಮವಾರ ಬೆಳಿಗ್ಗೆ ನನ್ನ ಅಕ್ಕನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಅಕ್ಕನಿಗೆ ಮೆದುಳು, ಬೆನ್ನುಹುರಿಯ ನರಗಳನ್ನು ಕಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ಕಾಯಿಲೆಯಿದೆ. ಹಿಂದೊಮ್ಮೆ ಅದು ಉಲ್ಬಣಿಸಿದಾಗ ಆಗಿದ್ದಂತೆಯೇ ಎಡಗಾಲು ಮರದ ಕೊರಡಾಗಿತ್ತು. ಮತ್ತೆ ರಿಲ್ಯಾಪ್ಸ್ (ರೋಗದ ಹೊಸ ದಾಳಿ) ಆಗಿದೆ, ಇನ್ನು ಸ್ಟೀರಾಯ್ಡ್ ಡ್ರಿಪ್ಪೇ ಗತಿ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದೆವು. ಈ ಕಾಯಿಲೆಯವರನ್ನೇ ನೋಡಿಕೊಳ್ಳುವ ಎಂಎಸ್ ನರ್ಸ್ ಫೋನಿಗೆ ಸಿಕ್ಕಾಗ ಕಾಲಿನ ವಿಷಯವನ್ನು ಪಕ್ಕಕ್ಕಿಟ್ಟು ಅವರು ಕೇಳಿದ್ದೇ ಬೇರೆ: ರಾತ್ರಿ ಎಷ್ಟು ಸಲ ಮೂತ್ರಕ್ಕೆ ಎದ್ದಿರಿ, ಉರಿ ಇದೆಯೇ, ಮೈ ಬಿಸಿಯಿದೆಯೇ, ಈ ಕಾಲು ಹಿಂದೆ ಸೋತದ್ದೇ ಅಥವಾ ಹೊಸದಾಗಿ ಸೋತಿರುವುದೇ? ಪರೀಕ್ಷೆ ಮಾಡಿಸಿದಾಗ ಮೂತ್ರದಲ್ಲಿ ಸೋಂಕು ಕಂಡುಬಂತು. ಆಂಟಿಬಯೋಟಿಕ್ ಶುರುವಾದ ಕೆಲವೇ ದಿನಗಳಲ್ಲಿ ಕಾಲು ಮೊದಲಿನ ಸ್ಥಿತಿಗೆ ಮರಳಿತು.

ಎಂಎಸ್‌ನಲ್ಲಿ ನರತಂತುಗಳ ಮೇಲಿನ ಮೈಲಿನ್ ಹೊದಿಕೆ ಹಾಳಾಗಿರುವುದರಿಂದ, ಸೋಂಕು ಅಥವಾ ಜ್ವರದಿಂದ ಮೈ ಸ್ವಲ್ಪ ಬಿಸಿಯಾದರೂ ಹಳೆಯ ಗಾಯದ ಜಾಗದಲ್ಲಿ ಸಂದೇಶ ಸಾಗುವುದು ತಡವರಿಸುತ್ತದೆ. ಆಗ ಹಳೆಯ ಲಕ್ಷಣಗಳೇ ಹೊಸ ದಾಳಿಯ ವೇಷದಲ್ಲಿ ಮರಳುತ್ತವೆ. ಇದನ್ನು ನಿಜವಾದ ರಿಲ್ಯಾಪ್ಸ್ ಎಂದು ತಪ್ಪಾಗಿ ತಿಳಿದು ಸ್ಟೀರಾಯ್ಡ್ ಕೊಟ್ಟರೆ ಸೋಂಕು ಕೆರಳುವ ಅಪಾಯವಿದೆ. ನಾಲ್ಕು ಪ್ರಶ್ನೆಗಳಲ್ಲಿ ಅದನ್ನು ಹಿಡಿದ ಆ ಕೌಶಲ ವರ್ಷಗಳ ಅನುಭವದಿಂದ ಬಂದದ್ದು. ಆದರೆ ನಾವು ಸಂದೇಶ ಬಿಟ್ಟದ್ದು ಸೋಮವಾರ, ಅವರು ಮರಳಿ ಕರೆ ಮಾಡಿದ್ದು ಬುಧವಾರ ಸಂಜೆ. ನಡುವಿನ ಎರಡು ದಿನ ಅವರೇನು ಸುಮ್ಮನೆ ಕುಳಿತಿರಲಿಲ್ಲ: ಯಾರದೋ ರಕ್ತಪರೀಕ್ಷೆಯ ವರದಿಗಾಗಿ ಲ್ಯಾಬಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತ, ಮತ್ತಾರದೋ ಎಂಆರ್‌ಐ ದಿನಾಂಕ ಬದಲಿಸುತ್ತ, ಔಷಧದ ಅನುಮತಿಗಾಗಿ ಅದೇ ಫಾರಂ ಅನ್ನು ಎರಡನೇ ಸಲ ತುಂಬುತ್ತ ಇದ್ದರು. ನನಗೆ ಸಿಟ್ಟು ಬಂದದ್ದು ನಿಜ, ಆದರೆ ಅವರ ಮೇಲಲ್ಲ.

ಈ ಹೊರೆ ಎಲ್ಲಿಂದ ಬಂತು ಎಂದು ತಿಳಿಯಲು ಔಷಧಗಳ ಕಥೆಯನ್ನು ನೋಡಬೇಕು. ಎಂಎಸ್‌ನ ಗತಿಯನ್ನೇ ಬದಲಿಸುವ ಮೊದಲ ಔಷಧವಾದ ಇಂಟರ್‌ಫೆರಾನ್ ಬೀಟಾಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1993ರಲ್ಲಿ. ಅದಕ್ಕೂ ಮೊದಲು ಕೊಡಲು ಹೆಚ್ಚೇನೂ ಇರಲಿಲ್ಲ. ಇಂದು ಆಯ್ಕೆಗೆ ಹತ್ತಾರು ಔಷಧಗಳಿವೆ, ಪ್ರತಿಯೊಂದಕ್ಕೂ ಅದರದೇ ಪಂಚಾಂಗವಿದೆ. ನಟಾಲಿಜುಮ್ಯಾಬ್ ಎಂದರೆ ನಾಲ್ಕು ವಾರಕ್ಕೊಮ್ಮೆ ಡ್ರಿಪ್, ಜೊತೆಗೆ ಮೆದುಳಿಗೆ ಮಾರಕ ಸೋಂಕು ತರಬಲ್ಲ ಜೆಸಿ ವೈರಸ್‌ಗಾಗಿ ಆಗಾಗ್ಗೆ ರಕ್ತಪರೀಕ್ಷೆ. ಅಲೆಮ್ಟುಜುಮ್ಯಾಬ್ ಪಡೆದವರಿಗೆ ಕೊನೆಯ ಡ್ರಿಪ್ ಆದ ಮೇಲೂ 48 ತಿಂಗಳ ಕಾಲ ಪ್ರತಿ ತಿಂಗಳು ರಕ್ತಪರೀಕ್ಷೆ. ಫಿಂಗೋಲಿಮೋಡ್‌ನ ಮೊದಲ ಗುಳಿಗೆ ನುಂಗಿದ ದಿನ ಆರು ಗಂಟೆ ಹೃದಯಬಡಿತದ ನಿಗಾ. ರೋಗ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 20ರಿಂದ 40ರ ವಯಸ್ಸಿನೊಳಗೆ, ಅದೂ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಆದ್ದರಿಂದ ಮಗು ಬೇಕೆನ್ನುವವರು ಯಾವ ಔಷಧವನ್ನು ಯಾವಾಗ ನಿಲ್ಲಿಸಬೇಕೆಂಬ ನಾಜೂಕಿನ ಲೆಕ್ಕವೂ ಇದೇ ಮೇಜಿಗೆ ಬರುತ್ತದೆ. ಔಷಧ ಬರೆಯುವವರು ನರರೋಗ ತಜ್ಞರಾದರೂ, ಈ ಪಂಚಾಂಗವನ್ನೆಲ್ಲ ತಲೆಯಲ್ಲಿಟ್ಟುಕೊಂಡು ಓಡಾಡುವವರು ನರ್ಸ್.

ಬ್ರಿಟನ್ನಿನ ಎಂಎಸ್ ಟ್ರಸ್ಟ್ ಎಂಬ ದತ್ತಿಸಂಸ್ಥೆ ಪೂರ್ಣಾವಧಿಯ ಒಬ್ಬ ನರ್ಸ್ ನಿಭಾಯಿಸಬಲ್ಲ ರೋಗಿಗಳ ಸಂಖ್ಯೆ 358 ಎಂದು ಮೊದಲು ಹೇಳಿತ್ತು, ನಂತರ ಅದನ್ನು 315ಕ್ಕೆ ಇಳಿಸಿತು. ಮಿತಿಯೊಂದು ಇರುವುದು ಒಳ್ಳೆಯದೇ. ಆಸ್ಪತ್ರೆಯ ಆಡಳಿತದೆದುರು ವಾದಿಸಲು ಕೈಯಲ್ಲಿ ಒಂದು ಅಂಕಿಯಾದರೂ ಬೇಕು. ಆದರೆ ತಲೆ ಎಣಿಸಿದ ಮಾತ್ರಕ್ಕೆ ಹೊರೆ ಇಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನರ್ಸ್ ಕೈಯಿಂದ ಮೊದಲು ತೆಗೆಯಬೇಕಾದದ್ದು ರೋಗಿಗಳನ್ನಲ್ಲ, ನರ್ಸಿಂಗ್ ಅಲ್ಲದ ಕೆಲಸವನ್ನು. ಅಪಾಯಿಂಟ್‌ಮೆಂಟ್, ಫಾರಂ, ವರದಿ ತರಿಸುವುದು ಇವನ್ನೆಲ್ಲ ಒಬ್ಬ ಸಂಯೋಜಕ ಮಾಡಬಹುದು. ರಕ್ತಪರೀಕ್ಷೆಯ ಗಡುವುಗಳ ಪಟ್ಟಿಯನ್ನು ಒಬ್ಬ ಫಾರ್ಮಸಿಸ್ಟ್ ನೋಡಿಕೊಂಡು, ಏರುಪೇರಾದ ವರದಿಗಳನ್ನು ಮಾತ್ರ ನರ್ಸ್‌ಗೆ ದಾಟಿಸಬಹುದು. ಇದಕ್ಕೆ ಸಂಬಳ ಕೊಡಬೇಕಾಗುತ್ತದೆ ಎಂಬುದೇ ತಕರಾರಾದರೆ, ತಜ್ಞ ನರ್ಸ್ ಒಬ್ಬರ ಅರ್ಧ ದಿನವನ್ನು ಗುಮಾಸ್ತಿಕೆಗೆ ಸುರಿಯುವುದೇ ಇದಕ್ಕಿಂತ ದುಬಾರಿ.

ಇದರ ಬದಲು ಸಾಮಾನ್ಯವಾಗಿ ಸಿಗುವುದು ಒಂದು ಆ್ಯಪ್, ಇಲ್ಲವೇ ನರ್ಸ್‌ಗಳಿಗೆ ಒತ್ತಡ ನಿರ್ವಹಣೆಯ ಶಿಬಿರ. ಎರಡನೆಯದಂತೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಆ್ಯಪ್ ಬೇಡವೆಂದಲ್ಲ, ಆದರೆ ಫೋನಿಗೆ ಬರುತ್ತಿದ್ದ ನಲವತ್ತು ಪ್ರಶ್ನೆಗಳ ಜೊತೆಗೆ ಇನ್ನೂ ನಲವತ್ತು ಸಂದೇಶಗಳು ಪರದೆಯಲ್ಲಿ ಬಂದು ಕುಳಿತು, ಅವನ್ನು ಓದಿ ವಿಂಗಡಿಸುವವರು ಯಾರೂ ಇಲ್ಲದಿದ್ದರೆ, ಅದು ಇನ್ನೊಂದು ಅಂಚೆಪೆಟ್ಟಿಗೆ ಅಷ್ಟೇ. ಗಂಟೆಗಟ್ಟಲೆ ಡ್ರಿಪ್ ಬೇಕಿದ್ದ ಓಕ್ರೆಲಿಜುಮ್ಯಾಬ್ ಈಗ ಚರ್ಮದಡಿಗೆ ಸುಮಾರು ಹತ್ತು ನಿಮಿಷದಲ್ಲಿ ಕೊಡಬಹುದಾದ ರೂಪದಲ್ಲೂ ಇದೆ. ಅದರಿಂದ ಡ್ರಿಪ್ ಕೋಣೆಯ ಕುರ್ಚಿ ಬೇಗ ಖಾಲಿಯಾಗುತ್ತದೆ ನಿಜ, ಆದರೆ ಆ ರೋಗಿಯ ಪರೀಕ್ಷೆ, ಲಸಿಕೆ, ಸೋಂಕಿನ ವಿಚಾರಣೆಗಳು ಹಾಗೆಯೇ ಉಳಿಯುತ್ತವೆ.

ನಮ್ಮ ಕಡೆಯಿಂದಲೂ ಒಂದಿಷ್ಟು ಆಗಬೇಕು. ಕರೆ ಮಾಡುವ ಮುನ್ನ ಲಕ್ಷಣ ಯಾವಾಗ ಶುರುವಾಯಿತು, 24 ಗಂಟೆ ಮೀರಿದೆಯೇ, ಜ್ವರವಿದೆಯೇ ಎಂದು ಈಗ ನಾನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಕೆಲವು ತಿಂಗಳಿನಿಂದ ಆ ನರ್ಸ್‌ಗೆ ವಾರದಲ್ಲಿ ಎರಡು ದಿನ ಒಬ್ಬ ಸಹಾಯಕಿ ಸಿಕ್ಕಿದ್ದಾರೆ. ಮೊನ್ನೆ ಅಕ್ಕನನ್ನು ಕರೆದುಕೊಂಡು ಹೋದಾಗ ಅವರ ಮೇಜಿನ ಮೇಲೆ ಫೈಲುಗಳ ಗುಡ್ಡೆ ಇರಲಿಲ್ಲ. ಕಾಲು, ಕೈ, ಕಣ್ಣು ಎಲ್ಲ ವಿಚಾರಿಸಿದ ಮೇಲೆ ಅವರು ಪೆನ್ನನ್ನು ಮುಚ್ಚಿಟ್ಟು, ನೀವು ಸ್ವಲ್ಪ ಹೊರಗಿರುತ್ತೀರಾ ಎಂದು ನನ್ನನ್ನು ಕೇಳಿದರು. ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಇಪ್ಪತ್ತು ನಿಮಿಷ ಬಾಗಿಲು ಮುಚ್ಚಿತ್ತು. ಒಳಗೆ ಏನು ಮಾತಾಯಿತೆಂದು ಅಕ್ಕ ಹೇಳಲಿಲ್ಲ, ನಾನೂ ಕೇಳಲಿಲ್ಲ.