ಎಐ ಬಂತು, ಚಪ್ಪಲಿ ಹೊರಗೆ ಬಿಡಿ

ಮೂರನೇ ಕ್ಲಾಸಿನಿಂದಲೇ ಎಐ, ಅಂದರೆ ಕೃತಕ ಬುದ್ಧಿಮತ್ತೆಯ ಪಾಠವಂತೆ, 2026-27ರಿಂದ ಶುರುವಂತೆ. 2025ರ ಅಕ್ಟೋಬರಿನಲ್ಲಿ ದೆಹಲಿಯಿಂದ ಈ ಸುದ್ದಿ ಬಂದಾಗ ನಮ್ಮ ಸ್ನೇಹಿತರಾದ ಹೆಡ್‌ಮಾಸ್ತರು ಬಿಸಿಲಲ್ಲಿ ಮೊಬೈಲ್ ಹಿಡಿದು ಮನೆ ಹುಡುಕುತ್ತಿದ್ದರು. ಜಾತಿ ಸಮೀಕ್ಷೆಯ ಡ್ಯೂಟಿ. ಆ ಡ್ಯೂಟಿ ಮುಗಿಯದೆ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದಿದ್ದರಲ್ಲ, ಅದೇ.

"ಮೇಷ್ಟ್ರೇ, ಸ್ಕೂಲಿಗೆ ಎಐ ಬರುತ್ತಂತೆ" ಎಂದೆ.

"ಬರಲಿ ಸಾರ್. ಬಂದ ದಿನವೇ ಈ ಮನೆಗಳ ಪಟ್ಟಿ ಕೊಟ್ಟು ಕಳಿಸ್ತೀನಿ. ನಾಯಿ ಇರೋ ಮನೆಗೆ ಮೊದಲು ಹೋಗಲಿ."

ಈ ಮೇಷ್ಟ್ರಿಗೆ ದೂರದೃಷ್ಟಿ ಸಾಲದು. 2025ರ ಕೇಂದ್ರ ಬಜೆಟ್ಟಿನಲ್ಲಿ ಶಿಕ್ಷಣಕ್ಕಾಗಿಯೇ ಒಂದು ಎಐ ಉತ್ಕೃಷ್ಟತಾ ಕೇಂದ್ರಕ್ಕೆ 500 ಕೋಟಿ ರೂಪಾಯಿ ಎಂದು ಹೇಳಿದ್ದಾರೆ. ಉತ್ಕೃಷ್ಟತಾ! ಮೂರನೇ ಕ್ಲಾಸಿನ ಮಗು ಈ ಪದವನ್ನು ಉಕ್ತಲೇಖನದಲ್ಲಿ ಸರಿಯಾಗಿ ಬರೆದರೆ ಅದಕ್ಕೇ ಒಂದು ಗ್ರಾಂಟ್ ಕೊಡಬಹುದು.

ಕಂಪ್ಯೂಟರ್ ಬಂದಾಗಲೂ ನಮಗೆ ಹೀಗೇ ಮೈ ಜುಮ್ ಎಂದಿತ್ತು. ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ಪಾಠ ತಂದ 'ಮಾಹಿತಿ ಸಿಂಧು' ನೆನಪಿದೆಯಾ? ಆ ಸಿಂಧುವಿನಲ್ಲಿ ಈಜಿದವರು ಎಷ್ಟೋ, ದಡದಲ್ಲೇ ಕೂತವರು ಎಷ್ಟೋ. ನಾನು ಕಂಡ ಒಂದು ಹೈಸ್ಕೂಲಿನ ಕಥೆ ಮಾತ್ರ ಹೇಳುತ್ತೇನೆ, ಊರು ಬೇಡ. ಕಂಪ್ಯೂಟರ್ ರೂಮಿನ ಬಾಗಿಲಿಗೆ 'ಚಪ್ಪಲಿ ಹೊರಗೆ ಬಿಡಿ' ಎಂಬ ಬೋರ್ಡು. ಒಳಗೆ ಹತ್ತು ಕಂಪ್ಯೂಟರ್, ಹತ್ತಕ್ಕೂ ಹಳೇ ಕರ್ಟನ್ ಬಟ್ಟೆಯಲ್ಲಿ ಹೊಲಿಸಿದ ಗವಸು. ಧೂಳಾಗಬಾರದಲ್ಲ. ಕೀಲಿ ಹೆಡ್‌ಮಾಸ್ತರ ಡ್ರಾಯರಿನಲ್ಲಿ, ಡ್ರಾಯರಿನ ಕೀಲಿ ಅವರ ಜನಿವಾರದಲ್ಲಿ. ಯುಪಿಎಸ್ ಬ್ಯಾಟರಿ ಎರಡನೇ ವರ್ಷಕ್ಕೇ ಸತ್ತಿತ್ತು. ವರ್ಷಕ್ಕೊಮ್ಮೆ, ಆಯುಧ ಪೂಜೆಯ ದಿನ, ರೂಮಿನ ಬಾಗಿಲು ಅಗಲಕ್ಕೆ ತೆರೆಯುತ್ತಿತ್ತು. ಮಾನಿಟರಿಗೆ ಅರಿಶಿನ ಕುಂಕುಮ, ಮೌಸಿನ ಮೇಲೊಂದು ಚೆಂಡು ಹೂವು, ಹೊಸ್ತಿಲಲ್ಲಿ ಬೂದುಗುಂಬಳಕಾಯಿ. ಮಕ್ಕಳಿಗೆಲ್ಲ ಚರ್ಪು. ಆ ಬ್ಯಾಚಿನ ಹುಡುಗ ಒಬ್ಬ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಸ್ಕೂಲಲ್ಲಿ ಕಂಪ್ಯೂಟರ್ ಕಲಿತೆಯಾ ಎಂದು ಕೇಳಿದರೆ, "ಮಂಗಳಾರತಿ ತಗೊಂಡಿದ್ದೆ ಸಾರ್" ಅಂತಾನೆ.

ಎಐಗೆ ಗವಸು ಹೊಲಿಸುವುದು ಹೇಗೆ, ಕುಂಕುಮ ಎಲ್ಲಿ ಹಚ್ಚುವುದು ಎಂಬುದೇ ಈಗ ನನಗಿರುವ ಚಿಂತೆ.

ಲ್ಯಾಬ್ ಬೇಕೆಂದರೆ ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ, ಮಕ್ಕಳು ಕೈಯಾರೆ ಏನಾದರೂ ಮಾಡಿ ಕಲಿಯುವ ಜಾಗ. ಒಂದು ಶಾಲೆಗೆ 20 ಲಕ್ಷ ರೂಪಾಯಿ. ಅದೇ ಬಜೆಟ್ಟಿನಲ್ಲಿ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇಂಥ 50,000 ಲ್ಯಾಬ್ ಎಂದಿದ್ದಾರೆ. ಒಳ್ಳೆಯದೇ, ನಿಜವಾಗಿಯೂ. ಆದರೆ ಅರ್ಜಿ ಹಾಕಿದ ಶಾಲೆಗಳಿಗೆ ಅವರು ಕೇಳುತ್ತಾ ಬಂದದ್ದು 1,500 ಚದರ ಅಡಿ ಜಾಗ. ನಮ್ಮ ಮೇಷ್ಟ್ರು ಟೇಪ್ ಹಿಡಿದು ಅಳೆದು ನೋಡಿದರು. ಎರಡು ಕೋಣೆ, ಜಗಲಿ, ಬಿಸಿಯೂಟದ ಅಡುಗೆಮನೆ, ಅದರಾಚೆ ನುಗ್ಗೆ ಮರದ ನೆರಳು ಎಲ್ಲ ಸೇರಿಸಿದರೂ ಸಾಲಲಿಲ್ಲ. ಸಂಜೆ ನಾಲ್ಕಕ್ಕೆ ನೆರಳು ಉದ್ದವಾಗುತ್ತೆ, ಆಗ ಸರಿಹೋಗಬಹುದು ಎಂದರು.

ಇನ್ನು ಈ ಸಹಯೋಗ. ಇತ್ತೀಚೆಗೆ ಬರೀ ಎಐ ಅಂದರೆ ಯಾರೂ ದುಡ್ಡು ಕೊಡಲ್ಲ, 'ಸಹಯೋಗಿ ಕಲಿಕೆ' ಅನ್ನಬೇಕು. ಒಂದು ಯೂನಿವರ್ಸಿಟಿ, ಒಂದು ಎನ್‌ಜಿಒ, ಒಂದು ಕಂಪನಿ, ಜೊತೆಗೆ ಒಂದು ಶಾಲೆ. ಯೂನಿವರ್ಸಿಟಿಗೆ ಪೇಪರ್ ಬೇಕು. ಎನ್‌ಜಿಒಗೆ ವಾರ್ಷಿಕ ವರದಿಗೆ ಫೋಟೋ ಬೇಕು. ಕಂಪನಿಗೆ ಸಿಎಸ್‌ಆರ್, ಅಂದರೆ ಸಮಾಜಸೇವೆಗೆ ಎತ್ತಿಟ್ಟ ದುಡ್ಡಿನ ಲೆಕ್ಕ ಮುಗಿಯಬೇಕು, ಅದೂ ಮಾರ್ಚ್ ಒಳಗೆ. ಶಾಲೆಯ ಪಾಲಿಗೆ ಬ್ಯಾನರ್ ಹಿಡಿಯುವ ಕೆಲಸ. ಬಿಳಿ ಸಾಕ್ಸ್ ಇರೋ ಮಕ್ಕಳನ್ನ ಮುಂದಿನ ಸಾಲಿಗೆ ನಿಲ್ಲಿಸಿ ಎಂದು ಬೇರೆ ಹೇಳುತ್ತಾರೆ.

ಮಕ್ಕಳು ಒಟ್ಟಿಗೆ ಕೂತು ಒಬ್ಬರಿಂದೊಬ್ಬರು ಕಲಿಯುವುದು ನಮಗೇನು ಹೊಸದಾ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ 'ನಲಿ-ಕಲಿ' ಶುರುವಾಯಿತಲ್ಲ. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ರಟ್ಟಿನ ಕಾರ್ಡು ಮಾಡಿದರು. ಮೂರು ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಗುಂಪು ಗುಂಪಾಗಿ, ಪಾಠ ಬರುವ ಮಗು ಬಾರದ ಮಗುವಿಗೆ ಹೇಳಿಕೊಟ್ಟುಕೊಂಡು ಕಲಿಯಲು ಅದು ಸಾಕಾಗಿತ್ತು. ಆಮೇಲೆ ಇಡೀ ರಾಜ್ಯಕ್ಕೆ ಬಂತು. ಕಾರ್ಡು ಹರಿದರೆ ಗೋಂದು ಹಚ್ಚುತ್ತಾರೆ. ಚಾರ್ಜ್ ಮಾಡಬೇಕಿಲ್ಲ, ಪಾಸ್‌ವರ್ಡ್ ಮರೆತುಹೋಗುವುದಿಲ್ಲ. ಹೊಸ ಕಾರ್ಡು ತರಿಸಲು ದುಡ್ಡು ಕೇಳಿ ನೋಡಿ ಈಗ.

ನಗು ಇಲ್ಲಿಗೆ ಸಾಕು, ಸ್ವಲ್ಪ ಲೆಕ್ಕ ಮಾಡೋಣ. 31ರಿಂದ 100 ಮಕ್ಕಳಿರುವ ಸರ್ಕಾರಿ ಶಾಲೆಗೆ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಬರುವ ಶಾಲಾ ಅನುದಾನ ವರ್ಷಕ್ಕೆ 25,000 ರೂಪಾಯಿ. ತಿಂಗಳಿಗೆ 2,083. ಸೀಮೆಸುಣ್ಣ, ಕರೆಂಟ್ ಬಿಲ್ಲು, ಮುರಿದ ನಲ್ಲಿ, ಪೊರಕೆ, ಫಿನಾಯಿಲ್, ರಿಜಿಸ್ಟರ್ ಎಲ್ಲ ಇದರಲ್ಲೇ ಆಗಬೇಕು. ಅದೂ ಜೂನ್‌ನಲ್ಲಿ ಬಂದರೆ ಪುಣ್ಯ. ಆ 500 ಕೋಟಿ ಇದೆಯಲ್ಲ, ಅದು ಇಂಥ 2 ಲಕ್ಷ ಶಾಲೆಗಳ ಒಂದು ವರ್ಷದ ಪೊರಕೆ-ಸೀಮೆಸುಣ್ಣದ ದುಡ್ಡು. ಕೇಂದ್ರ ಸರ್ಕಾರವೇ ಹಾಕಿಕೊಂಡ 2024-25ರ ಲೆಕ್ಕದಲ್ಲಿ ದೇಶದ ನೂರು ಶಾಲೆಗಳಲ್ಲಿ 36ಕ್ಕೆ ಇಂಟರ್‌ನೆಟ್ಟೇ ಇಲ್ಲ. ಏಕೋಪಾಧ್ಯಾಯ ಶಾಲೆಗಳೇ ಒಂದು ಲಕ್ಷಕ್ಕೂ ಜಾಸ್ತಿ. ಆ ಒಬ್ಬ ಮೇಷ್ಟ್ರು ಮೀಟಿಂಗಿಗೆ ಹೋದ ದಿನ ಐದು ಕ್ಲಾಸಿನ ಮಕ್ಕಳನ್ನ ಯಾರು ನೋಡಿಕೊಳ್ತಾರೆ ಅಂತ ಯಾವನಾದರೂ ಕೇಳಿದ್ದಾನಾ? ಹಾಲು ಕುಡಿದವರೆಷ್ಟು, ಮೊಟ್ಟೆ ತಿಂದವರೆಷ್ಟು ಎಂದು ದಿನಾ ಅಪ್‌ಲೋಡ್ ಮಾಡಿಸುತ್ತೀರಿ. ಮಗು ಓದೋಕೆ ಕಲಿತಿದೆಯಾ ಅಂತ ನೋಡೋಕೆ ಅವರಿಗೆ ಹೊತ್ತೆಲ್ಲಿ ಬಿಟ್ಟಿದ್ದೀರಿ? ಬೇಜಾರಾಗುತ್ತೆ ಮಾರಾಯ್ರೇ.

ಇರಲಿ. ಮೇಷ್ಟ್ರು ಹಟ ಬಿಡುವವರಲ್ಲ. ಯಾವುದೋ ಸಂಸ್ಥೆಯ ಎಐ ಗ್ರಾಂಟಿನ ಅರ್ಜಿ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದರು. ಹದಿನಾಲ್ಕು ಪುಟ, ಪುಟಕ್ಕೆ ಐದು ರೂಪಾಯಿ, ಕೈಯಿಂದಲೇ. 'ಸಹಯೋಗಿಗಳ ವಿವರ' ಎಂಬ ಕಡೆ ಪ್ರಾಮಾಣಿಕವಾಗಿ ಬರೆಯಲು ಕೂತರು. ಒಂದು, ಎದುರು ಮನೆ ಹುಡುಗ, ಹಾಟ್‌ಸ್ಪಾಟ್ ಕೊಡುವುದು. ಎರಡು, ಲೈನ್‌ಮನ್, ಬಿಲ್ಲು ಬಾಕಿ ಇದ್ದರೂ ಫ್ಯೂಸ್ ಕೀಳದೆ ಇರುವುದು. ಮೂರು, ಬಿಸಿಯೂಟದ ಅಕ್ಕ, ಮೇಷ್ಟ್ರು ತಾಲ್ಲೂಕು ಆಫೀಸಿಗೆ ಹೋದಾಗ ಸೌಟು ಹಿಡಿದೇ ಮಗ್ಗಿ ಹೇಳಿಸುವುದು.

ಪಕ್ಕದ ಕಾಲಂ: ಸಹಯೋಗಿ ಸಂಸ್ಥೆಯ ಕಳೆದ ಮೂರು ವರ್ಷದ ವಹಿವಾಟು, ಕೋಟಿಗಳಲ್ಲಿ.

ಮೇಷ್ಟ್ರು ಪೆನ್ನಿನ ಕ್ಯಾಪ್ ಹಾಕಿ, "ಅಕ್ಕಾ, ನಿಮ್ಮ ವಹಿವಾಟು ಎಷ್ಟು?" ಎಂದು ಕೂಗಿದರು.

"ಬೇಳೆ ಖಾಲಿ ಆಗಿದೆ ಸಾರ್" ಎಂದರು ಅಕ್ಕ.