ಗಟ್ಟಿ ದೇಹದ ತಾಯಂದಿರ ಬಗ್ಗೆ ಒಂದು ಮಾತು

ಹಿಂದಿನ ಹಳ್ಳಿಯ ತಾಯಂದಿರು ಗಟ್ಟಿಮುಟ್ಟಾಗಿದ್ದುದರಿಂದ ಮನೆಯಲ್ಲೇ ಸುಸೂತ್ರವಾಗಿ ಹೆರುತ್ತಿದ್ದರೆಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿರುವುದನ್ನು ನಾನು ಪೂರ್ತಿ ಒಪ್ಪಲಾರೆ. ಕೊಡಗಿನ ಭಾಗಮಂಡಲದ ಕಡೆಯವರಾದ ನಮ್ಮ ಅಜ್ಜಿ 1952ರ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ, ಆರನೆಯ ಮಗುವನ್ನು ಹೆತ್ತ ರಾತ್ರಿಯೇ ತೀರಿಕೊಂಡರು. ಹಿಂದಿನ ದಿನ ಸಂಜೆಯವರೆಗೂ ಅವರು ಮಳೆಗೆ ಮರೆಯಾಗಿ ಗೊರಬೆ ಹೊದ್ದು, ಮೊಣಕಾಲುದ್ದದ ಕೆಸರಿನಲ್ಲಿ ನಾಟಿ ಮಾಡಿದ್ದರು, ಗಟ್ಟಿತನಕ್ಕೇನೂ ಕೊರತೆಯಿರಲಿಲ್ಲ. ಮಗು ಬಂದರೂ ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ತನಗೆ ತಿಳಿದದ್ದನ್ನೆಲ್ಲ ಮಾಡಿದಳು, ಆಕೆಯನ್ನು ದೂರುವಂತಿಲ್ಲ. ಕಾವೇರಿ, ಕನ್ನಿಕೆ ನದಿಗಳೆರಡೂ ಉಕ್ಕಿ ಮಡಿಕೇರಿಯ ದಾರಿ ಮುಳುಗಿತ್ತು; ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ ಅಜ್ಜಿಯನ್ನು ಹೊತ್ತೊಯ್ದ ನಾಲ್ವರು ನೀರಿನಂಚಿನಲ್ಲೇ ಬೆಳಗಿನವರೆಗೆ ಕಾದು, ಹೆಣವನ್ನು ಹೊತ್ತು ಹಿಂತಿರುಗಿದರಂತೆ.

ಆ ಕಾಲದಲ್ಲಿ ನಮ್ಮ ಕಾಡಂಚಿನ ಊರುಗಳನ್ನು ಮಲೇರಿಯಾ ಕಾಡುತ್ತಿತ್ತೆಂಬುದನ್ನೂ ಲೇಖನ ಮರೆತಿದೆ. ಗರ್ಭಿಣಿಗೆ ಆ ಜ್ವರ ಮರುಕಳಿಸಿದಷ್ಟೂ ರಕ್ತಹೀನತೆ ಹೆಚ್ಚುತ್ತದೆ, ಅಂಥ ದೇಹವು ಬೇರೆಯವರು ತಾಳಿಕೊಳ್ಳಬಹುದಾದ ರಕ್ತಸ್ರಾವವನ್ನೂ ತಾಳದು.

ಆ ರಾತ್ರಿ ಹುಟ್ಟಿದ ಮಗುವೇ ನನ್ನ ತಾಯಿ. ನೆರೆಮನೆಯ ಬಾಣಂತಿಯ ಹಾಲು ಕುಡಿದು ಬದುಕಿದವರು. ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪೆಂಬ ಔಷಧೀಯ ಸೊಪ್ಪಿನ ನೇರಳೆ ಬಣ್ಣದ ಪಾಯಸ ಮಾಡಿದಾಗ, ಮೊದಲ ಬಟ್ಟಲನ್ನು ಅವರು ಇಂದಿಗೂ ತಾವು ಕಾಣದ ಆ ತಾಯಿಯ ಹೆಸರಿನಲ್ಲಿ ಎತ್ತಿಡುತ್ತಾರೆ.