ಕಾಫಿ ಕಪ್ಪಿನ ಮೇಲೊಂದು ಮಹಾ ಬಾಂಬು

ಯುದ್ಧದ ರೀತಿಯನ್ನೇ ಬದಲಿಸುವ ಬಾಂಬು ಮಾಡಲು ಏನೇನು ಬೇಕು? ಹಲ್ಲಿನ ಡಾಕ್ಟರು ಬಳಸುವ ಎಕ್ಸ್‌ರೇ ಯಂತ್ರ ಬೇಕು. ಬೋರಲು ಹಾಕಲು ಒಂದು ಫೋಮ್ ಕಪ್ಪು ಬೇಕು, ಅದೇ ಕಾಫಿ ಕುಡಿದು ಬಿಸಾಡುವಂಥದ್ದು. ಜೊತೆಗೆ ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡು ಬೇಕು. ಮೊದಲೆರಡು ಸಿಗದಿದ್ದರೆ ಹೇಗೋ ಸುಧಾರಿಸಬಹುದು.

ಸುಮ್ನೆ ಹೇಳುತ್ತಿಲ್ಲ, ನಡೆದದ್ದೇ ಹೀಗೆ. 1998ರಲ್ಲಿ ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಪ್ರೊಫೆಸರ್ ಕಾರ್ಲ್ ಕಾಲಿನ್ಸ್ ಮತ್ತು ಸಂಗಡಿಗರು ಹ್ಯಾಫ್ನಿಯಮ್-178 ಎಂಬ ಲೋಹದ ಒಂದು ವಿಶೇಷ ರೂಪವನ್ನು ಕಪ್ಪಿನ ಮೇಲಿಟ್ಟು ಎಕ್ಸ್‌ರೇ ಬಿಟ್ಟರು. ಈ ರೂಪದ ಪರಮಾಣುವಿನ ಒಡಲಲ್ಲಿ ಬೇಕಾದಷ್ಟು ಶಕ್ತಿ ಅಡಗಿ ಕೂತಿರುತ್ತದೆ. ಅದರ ಪಾಡಿಗೆ ಬಿಟ್ಟರೆ ಗಾಮಾ ಕಿರಣವಾಗಿ ನಿಧಾನಕ್ಕೆ ಸೋರುತ್ತದೆ. ಅರ್ಧ ಕರಗಲು 31 ವರ್ಷ ಬೇಕು. ಅಷ್ಟನ್ನೂ ಒಂದೇ ಏಟಿಗೆ ಹೊರಗೆಳೆದರೆ ಒಂದು ಗ್ರಾಮಿನಲ್ಲಿ ಸುಮಾರು 300 ಕೆಜಿ ಟಿಎನ್‌ಟಿ ಸಿಡಿಮದ್ದಿನ ಬಲ. ಲೆಕ್ಕದಲ್ಲಿ ಏನೂ ತಪ್ಪಿಲ್ಲ. ಹೊರಗೆಳೆಯುವುದು ಹೇಗೆ ಅನ್ನುವುದೊಂದೇ ಬಾಕಿ.

ಎಕ್ಸ್‌ರೇ ಬಿಟ್ಟಾಗ ಗಾಮಾ ಕಿರಣ ಸುಮಾರು 4 ಪರ್ಸೆಂಟ್ ಜಾಸ್ತಿಯಾಯಿತು ಎಂದು ತಂಡ 1999ರಲ್ಲಿ ಪ್ರಕಟಿಸಿತು. ಅಂದ ಹಾಗೆ, ಕಪ್ಪಿನ ಮೇಲಿದ್ದ ಹ್ಯಾಫ್ನಿಯಮ್ ಗ್ರಾಮೂ ಅಲ್ಲ, ಮಿಲಿಗ್ರಾಮೂ ಅಲ್ಲ. ಕಣ್ಣಿಗೆ ಕಾಣದಷ್ಟು. ಕಾಣದ ವಸ್ತುವಿನಲ್ಲಿ ಕಂಡೂ ಕಾಣದ ಏರಿಕೆ. ಪೆಂಟಗನ್‌ಗೆ ಅಷ್ಟು ಸಾಕಾಯಿತು. ಮಿಲಿಟರಿಗೆ ಮುಖ್ಯವಾದ ತಂತ್ರಜ್ಞಾನಗಳ ಅಧಿಕೃತ ಪಟ್ಟಿಯಲ್ಲಿ ಇದಕ್ಕೂ ಜಾಗ ಸಿಕ್ಕಿತು. ಇದು ಯುದ್ಧದ ಎಲ್ಲ ಮುಖವನ್ನೂ ಬದಲಿಸಬಹುದು ಎಂದು ಅಲ್ಲಿ ಬರೆದರು. ಲ್ಯಾಬಿನವರಿಗೆ ಸರ್ಕಾರಿ ದುಡ್ಡೇನೂ ಹೊಸದಲ್ಲ ಬಿಡಿ. ಅಧ್ಯಕ್ಷ ರೇಗನ್ ಕಾಲದ, ಶತ್ರುವಿನ ಕ್ಷಿಪಣಿಗಳನ್ನು ದಾರಿಯಲ್ಲೇ ತಡೆಯುವ ‘ಸ್ಟಾರ್ ವಾರ್ಸ್’ ಯೋಜನೆಯ ಹೊತ್ತಿಗೇ ಗಾಮಾ ಕಿರಣದ ಲೇಸರ್ ಮಾಡುತ್ತೇವೆ ಎಂದು ಅನುದಾನ ಪಡೆದವರು. ಆ ಲೇಸರ್ ಇನ್ನೂ ಬಂದಿಲ್ಲ.

ಉಳಿದ ಭೌತವಿಜ್ಞಾನಿಗಳು ತಲೆ ಕೆರೆದುಕೊಂಡರು. ಅಮೆರಿಕದ ದೊಡ್ಡ ಸರ್ಕಾರಿ ಲ್ಯಾಬುಗಳಾದ ಅರ್ಗಾನ್, ಲಾಸ್ ಅಲಮೋಸ್, ಲಿವರ್‌ಮೋರ್‌ನವರು ಸೇರಿ, ಹಲ್ಲಿನ ಯಂತ್ರವನ್ನು ಆಚೆ ಇಟ್ಟು, ಅರ್ಗಾನ್‌ನಲ್ಲಿರುವ ದೈತ್ಯ ಎಕ್ಸ್‌ರೇ ಯಂತ್ರದಿಂದಲೇ ಪರೀಕ್ಷಿಸಿದರು. ಸಾವಿರಾರು ಪಟ್ಟು ಪ್ರಬಲ ಕಿರಣ. 2001ರಲ್ಲಿ ಫಲಿತಾಂಶ ಬಂತು: ಏನೂ ಇಲ್ಲ. ನಾಲ್ಕು ಪರ್ಸೆಂಟ್ ಹೋಗಲಿ, ಅದರ ನೆರಳೂ ಇಲ್ಲ.

ಕತೆ ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಿಮಗೆ ಅನುದಾನದ ವ್ಯವಹಾರ ಗೊತ್ತಿಲ್ಲ. ನೀವು ಬಿಟ್ಟ ಕಿರಣ ಸರಿಯಿರಲಿಲ್ಲ, ಕಡಿಮೆ ಶಕ್ತಿಯದ್ದು ಬೇಕಿತ್ತು ಎಂದು ಡಲ್ಲಾಸ್ ಕಡೆಯಿಂದ ಉತ್ತರ ಬಂತು. ಸರಿ, ಅರ್ಗಾನ್‌ನವರು ಅದನ್ನೂ ಬಿಟ್ಟು ನೋಡಿದರು. ಆಗಲೂ ಏನಿಲ್ಲ. ಅತ್ತ ಕಾಲಿನ್ಸ್ ತಂಡಕ್ಕೆ ಮಾತ್ರ ಜಪಾನಿನ ಸ್ಪ್ರಿಂಗ್-8 ಎಂಬ ದೈತ್ಯ ಎಕ್ಸ್‌ರೇ ಯಂತ್ರದಲ್ಲೂ ಪರಿಣಾಮ ಕಾಣಿಸಿತಂತೆ. ಹುಣಸೆ ಮರದ ದೆವ್ವವೂ ಹೀಗೇ ಅಲ್ವಾ, ನಂಬಿದವರಿಗಷ್ಟೇ ಕಾಣುವುದು.

ಇಷ್ಟಾದ ಮೇಲೆ ಪೆಂಟಗನ್ನಿನ ಸಂಶೋಧನಾ ಸಂಸ್ಥೆ ಡಾರ್ಪಾ ಏನು ಮಾಡಬೇಕಿತ್ತು? ಅದೇನು ಸಾಮಾನ್ಯ ಸಂಸ್ಥೆಯಲ್ಲ. ಇಂಟರ್‌ನೆಟ್ಟಿನ ಬೇರಾದ ಅರ್ಪಾನೆಟ್‌ಗೆ ದುಡ್ಡು ಹಾಕಿದ್ದು ಅದೇ. ಒಮ್ಮೆ ಇಂಟರ್‌ನೆಟ್ ಗೆದ್ದವರಿಗೆ ಆಮೇಲೆ ಯಾವ ಅರ್ಜಿಯನ್ನೂ ಬೇಡ ಅನ್ನಲು ಮನಸ್ಸಾಗುವುದಿಲ್ಲ. ಹಾಗಾಗಿ ಅದು ಹ್ಯಾಫ್ನಿಯಮ್ಮಿಗೂ ದುಡ್ಡು ಹಾಕಿತು. ಅಷ್ಟೇ ಅಲ್ಲ, ಈ ಹ್ಯಾಫ್ನಿಯಮ್ಮನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು ಹೇಗೆ ಎಂದು ಯೋಚಿಸಲು ಒಂದು ಸಮಿತಿಯೂ ಆಯಿತು. ಸಿಡಿಯುತ್ತದೋ ಇಲ್ಲವೋ ಆಮೇಲೆ ನೋಡೋಣ, ಮೊದಲು ಕಾರ್ಖಾನೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮೂರಿನ ರೂಢಿ ಅಂದುಕೊಂಡಿದ್ದೆವು. ವಾಷಿಂಗ್‌ಟನ್‌ನಲ್ಲಿ ಬಸಿರಾಗುವ ಮುಂಚೆಯೇ ಕುಲಾವಿಯ ಕಾರ್ಖಾನೆಗೆ ಜಾಗ ಹುಡುಕುತ್ತಾರೆ.

ಬಾಂಬಿನ ಗುಣಗಾನವಂತೂ ಕೇಳಬೇಡಿ. ಗಾಲ್ಫ್ ಚೆಂಡಿನಷ್ಟು ಇದ್ದರೆ ಸಾಕು, ಜೇಬಿನಲ್ಲಿಟ್ಟುಕೊಂಡು ಹೋಗಬಹುದು ಎಂಬ ಧಾಟಿಯ ಮಾತುಗಳಿದ್ದವು. ಜೇಬಿನಲ್ಲಿ ಇಡಲು ತೊಂದರೆಯೇನಿಲ್ಲ. ಆದರೆ ಈ ಲೋಹ 31 ವರ್ಷಗಳ ಲೆಕ್ಕದಲ್ಲಿ ಹಗಲೂ ರಾತ್ರಿ ಗಾಮಾ ಕಿರಣ ಉಗುಳುತ್ತಲೇ ಇರುತ್ತದೆ. ಟ್ರಿಗ್ಗರ್ ಬೇಡ, ಎಕ್ಸ್‌ರೇ ಬೇಡ, ಕಪ್ಪೂ ಬೇಡ. ಶತ್ರು ಎದುರಾಗುವ ಹೊತ್ತಿಗೆ ಜೇಬಿನ ಯಜಮಾನನೇ ಹೋಗಿರುತ್ತಾನೆ. ದಪ್ಪ ಸೀಸದ ಪೆಟ್ಟಿಗೆಯಲ್ಲಿಟ್ಟರೆ ಬದುಕಬಹುದು. ಆಗ ಹೊರಲು ಲಾರಿ ಬೇಕು. ಲಾರಿಯೇ ಬೇಕೆಂದ ಮೇಲೆ ಅದರಲ್ಲಿ ಹಳೇ ಕಾಲದ ಬಾಂಬನ್ನೇ ತುಂಬಬಹುದಲ್ಲ? ಇಂಥ ಪ್ರಶ್ನೆ ಕೇಳುವವರಿಗೆ ಅನುದಾನ ಸಮಿತಿಯಲ್ಲಿ ಕುರ್ಚಿ ಹಾಕುವುದಿಲ್ಲ.

ಅಲ್ಲಿ ಕೇಳಬಹುದಾದ ಪ್ರಶ್ನೆ ಒಂದೇ: ‘ನಾವು ಬಿಟ್ಟು ಅವರು ಮಾಡಿಬಿಟ್ಟರೆ?’ ಇದಕ್ಕೆ ಯಾವ ಪ್ರಯೋಗವೂ ಉತ್ತರ ಕೊಡಲಾರದು. ಅವರೂ ಮಾಡಿಲ್ಲ ಅಂದರೆ, ಗುಟ್ಟಾಗಿ ಮಾಡುತ್ತಿದ್ದಾರೆ ಅನ್ನಬಹುದು. ಆಗುವುದೇ ಇಲ್ಲ ಅಂದರೆ, ನಮ್ಮನ್ನು ನಂಬಿಸಲು ಹಾಗೆ ಹೇಳುತ್ತಿದ್ದಾರೆ ಅನ್ನಬಹುದು. ಪಾಪ, ಭೌತಶಾಸ್ತ್ರಕ್ಕೆ ಇಂಥ ವಾದ ಮಾಡಲು ಬರುವುದಿಲ್ಲ.

ಕಡೆಗೆ 2004ರ ಹೊತ್ತಿಗೆ ಅಮೆರಿಕದ ಸಂಸತ್ತು ದುಡ್ಡಿನ ನಲ್ಲಿ ಮುಚ್ಚಿತು. ಅಷ್ಟರಲ್ಲಿ ಮಿಲಿಯನ್‌ಗಟ್ಟಲೆ ಡಾಲರ್ ಹರಿದಾಗಿತ್ತು. ಹ್ಯಾಫ್ನಿಯಮ್ ಬಾಂಬು ಇವತ್ತಿಗೂ ಯಾರ ಹತ್ತಿರವೂ ಇಲ್ಲ. ಡಾರ್ಪಾ ಮನಸ್ಸು ಮಾಡಿದರೆ ಇದನ್ನೂ ಗೆಲುವಿನ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಶತ್ರುವಿಗೂ ಮಾಡಲು ಬಿಡಲಿಲ್ಲವಲ್ಲ!